ಕಿವಿ ಆಫೀಸಿನ ನಿಲ್ ವರದಿ

ಬಂಗಾರಕುಪ್ಪದಲ್ಲಿ ಮಂಗಳವಾರ ಮತ್ತು ಶುಕ್ರವಾರ ಬೆಳಿಗ್ಗೆ ಹನ್ನೊಂದು ಗಂಟೆಗೆ ಪಾತ್ರೆಗಳು ಅಲುಗುತ್ತಿದ್ದವು. ಹೆಚ್ಚೇನಲ್ಲ, ಸ್ಟೀಲಿನ ಲೋಟಗಳು ಒಂದಕ್ಕೊಂದು ತಾಗಿ ಕಿಣಿಕಿಣಿ ಎನ್ನುವಷ್ಟು, ಬಿಂದಿಗೆಯ ನೀರಿನ ಮೇಲೆ ಒಂದು ಸುತ್ತು ಅಲೆ ಏಳುವಷ್ಟು. ಹಾಗಾಗಿ ಆ ಊರಿನಲ್ಲಿ ಗಣಿ ಕೆಲಸಗಾರರಿಗೆಂದು ಸಾಲಾಗಿ ಕಟ್ಟಿದ್ದ ಲೈನ್ ಮನೆಗಳಲ್ಲಿ ಪಾತ್ರೆ ಜೋಡಿಸುವ ಹಲಗೆಯ ಮುಂದೆ ಒಂದು ಅಡ್ಡಗೋಲು ಇದ್ದೇ ಇರುತ್ತಿತ್ತು. ಹೊಸದಾಗಿ ಬಂದ ಸೊಸೆ ಅದು ಯಾಕೆ ಎಂದು ಕೇಳಿದರೆ, "ಮಂಗಳವಾರ ಬರ್ಲಿ, ನೀನೇ ನೋಡ್ತೀಯ" ಎಂದು ಅತ್ತೆಯಂದಿರು ನಗುತ್ತಿದ್ದರು.

ಜೀವರತ್ನ ಆ ಊರಿನಲ್ಲೇ ಹುಟ್ಟಿ ಅಲ್ಲಿಗೇ ಸೊಸೆಯಾದವಳು. ಅವಳಿಗೆ ಯಾರೂ ಹೇಳಬೇಕಾಗಿರಲಿಲ್ಲ. ಅಲ್ಲದೆ ಈಚಿನ ಇಪ್ಪತ್ತೆರಡು ವರ್ಷಗಳಿಂದ ಆ ಪಾತ್ರೆಗಳನ್ನು ಅಲುಗಿಸುತ್ತಿದ್ದವಳು ಅವಳೇ.

ವಾರಕ್ಕೆರಡು ಸಲ, ಹತ್ತು ಇಪ್ಪತ್ತಕ್ಕೆ ಸರಿಯಾಗಿ, ಅವಳು ಆಲಿವರ್ ಶಾಫ್ಟ್ ಎಂಬ ಹಳೆಯ ಗಣಿಬಾವಿಯ ಬಾಯಿಯ ಹತ್ತಿರ ಇದ್ದ ಕೆಂಪು ಚಕ್ರವನ್ನು ಮೂರೂವರೆ ಸುತ್ತು ತಿರುಗಿಸುತ್ತಿದ್ದಳು. ಮೇಲಿನ ಹಂತದಲ್ಲಿ ಕಟ್ಟಿ ನಿಲ್ಲಿಸಿದ ನೀರು ಮೂವತ್ತೆರಡನೇ ಹಂತದ ಸುರಂಗಕ್ಕೆ ಇಳಿಯುತ್ತಿತ್ತು. ಅಲ್ಲಿಯ ಬಂಡೆಯ ಬಿರುಕುಗಳಿಗೆ ನೀರು ಹೊಕ್ಕು, ನಲವತ್ತು ನಿಮಿಷಕ್ಕೆ ಬಂಡೆ ಒಂದು ಎಳೆಯಷ್ಟು ಜಾರುತ್ತಿತ್ತು. ಕಿರುಗುಟ್ಟುವ ಬಾಗಿಲಿಗೆ ಎಣ್ಣೆ ಬಿಟ್ಟು ಮೆಲ್ಲಗೆ ತೆರೆದ ಹಾಗೆ. ಆಮೇಲೆ ಪಂಪು ಹಾಕಿ ನೀರನ್ನು ಮತ್ತೆ ಮೇಲೆತ್ತಿದರೆ ಆ ದಿನದ ಕೆಲಸ ಮುಗಿಯಿತು. ಇದಕ್ಕೆ ಅವರ ಆಫೀಸಿನಲ್ಲಿ ನಿಟ್ಟುಸಿರು ಎಂದು ಹೆಸರು.

ಆಫೀಸಿನ ಹೆಸರು ಗಣಿ ಶ್ರವಣ ಕೇಂದ್ರ. ಊರಿನವರ ಬಾಯಲ್ಲಿ ಕಿವಿ ಆಫೀಸು. ಚಿನ್ನದ ಗಣಿ ಮುಚ್ಚಿ ಎರಡು ತಲೆಮಾರು ಕಳೆದಿತ್ತು, ಆದರೆ ನೂರು ವರ್ಷ ತೋಡಿದ ಸುರಂಗಗಳು ಊರಿನಡಿ ಎರಡೂವರೆ ಕಿಲೋಮೀಟರ್ ಆಳದವರೆಗೆ ಟೊಳ್ಳಾಗಿ ಹಾಗೇ ಇದ್ದವು. ಮೇಲಿನ ಭಾರವೆಲ್ಲ ನಡುವಿನ ಬಂಡೆಗಳ ಮೇಲೆ. ಭಾರ ತಾಳಲಾರದೆ ಬಂಡೆ ಒಂದೇ ಸಲಕ್ಕೆ ಸಿಡಿದರೆ ಏನಾಗುತ್ತದೆಂದು ಬಂಗಾರಕುಪ್ಪಕ್ಕೆ ಗೊತ್ತಿತ್ತು. ಮೂವತ್ತೆರಡು ವರ್ಷದ ಹಿಂದೆ ಹೆನ್ರಿ ಲೈನಿನ ನಲವತ್ತು ಮನೆಗಳು ಒಂದೇ ಉಸಿರಿಗೆ ನೆಲಕ್ಕೆ ಕೂತಿದ್ದವು. ಅರವತ್ತೆಂಟು ಜನ. ಹದಿನಾಲ್ಕು ವರ್ಷದ ಜೀವರತ್ನ ಅವತ್ತು ಶಾಲೆಯಲ್ಲಿ ಪರೀಕ್ಷೆ ಬರೆಯುತ್ತಿದ್ದಳು. ಮನೆಗೆ ಬಂದರೆ ಮನೆ ಇರಲಿಲ್ಲ, ಅಪ್ಪ ಇರಲಿಲ್ಲ, ತಮ್ಮ ಇರಲಿಲ್ಲ. ಅಮ್ಮ ರೇಷನ್ ಅಂಗಡಿಯ ಸಾಲಿನಲ್ಲಿ ನಿಂತಿದ್ದರಿಂದ ಉಳಿದಿದ್ದಳು, ಆದರೆ ಅದಾದ ಮೇಲೆ ಸರಿಯಾಗಿ ಮಾತಾಡಲೇ ಇಲ್ಲ.

ಆ ದುಃಖದಿಂದ ಹುಟ್ಟಿದ ಆಫೀಸು ಅದು. ಭೂಮಿಯೊಳಗೆ ಹದಿನಾಲ್ಕು ಕಡೆ ಸದ್ದು ಹಿಡಿಯುವ ಯಂತ್ರ-ಕಿವಿಗಳನ್ನು ಇಳಿಬಿಟ್ಟು ಬಂಡೆಯ ಗುಸುಗುಸು ಕೇಳುವುದು, ಭಾರ ಎಲ್ಲಿ ಕೂಡುತ್ತಿದೆ ಎಂದು ನೋಡುವುದು, ಕೂಡುವ ಮೊದಲೇ ಸ್ವಲ್ಪ ಸ್ವಲ್ಪವಾಗಿ ಬಿಡಿಸುವುದು. ಇದನ್ನು ಕಂಡುಹಿಡಿದ ಮೊದಲ ನಿರ್ದೇಶಕ ಗೋಪಿನಾಥ ರಾಯರು ಪ್ರಾಮಾಣಿಕ ಮನುಷ್ಯ. ಮೊದಲ ತಿಂಗಳು ದಿನವರದಿಯ 'ಘಟನೆ' ಎಂಬ ಕಾಲಮ್ಮಿನಲ್ಲಿ ಪ್ರತಿ ನಿಟ್ಟುಸಿರನ್ನೂ ಬರೆದರು. ಇಲಾಖೆಯಿಂದ ಒಂಬತ್ತು ಮೆಮೊ ಬಂದವು. ಕಂಪನ ಏಕಾಯಿತು, ಯಾರ ಅನುಮತಿ ಇತ್ತು, ಹಾನಿಗೊಳಗಾದವರ ಪಟ್ಟಿ ಎಲ್ಲಿ, ಯಾರೂ ಇಲ್ಲವಾದರೆ ಇಲ್ಲವೆಂಬುದಕ್ಕೆ ತಹಶೀಲ್ದಾರರ ದೃಢೀಕರಣ ಎಲ್ಲಿ. ಇವಕ್ಕೆ ಉತ್ತರ ಬರೆಯುವ ಭರದಲ್ಲಿ ಎರಡು ನಿಟ್ಟುಸಿರು ತಪ್ಪಿಹೋದವು. ಆಗ ಗುಮಾಸ್ತ ಶ್ಯಾಮಣ್ಣ ರಾಯರಿಗೆ ಉಪದೇಶ ಮಾಡಿದ: "ಸಾರ್, ಮೇಲೆ ಯಾರಿಗೂ ಏನೂ ಆಗಿಲ್ಲ ತಾನೆ? ನಿಲ್ ಅಂತ ಹಾಕ್ಬಿಡಿ. ನಿಲ್ ವರದೀನ ಯಾರೂ ಓದಲ್ಲ."

ಅಂದಿನಿಂದ ಅದೇ ಪದ್ಧತಿಯಾಯಿತು. ನಿಜವಾದ ಲೆಕ್ಕ ಕಂದು ರಟ್ಟಿನ ಪುಸ್ತಕಗಳಲ್ಲಿ, ಇಲಾಖೆಗೆ ಮಾತ್ರ ನಿಲ್. ರಾಯರು ತೀರಿಕೊಂಡರು, ಶ್ಯಾಮಣ್ಣ ತೀರಿಕೊಂಡ, ನಿಲ್ ಉಳಿಯಿತು. ಜೀವರತ್ನ ಕೆಲಸಕ್ಕೆ ಸೇರಿದ ದಿನ ಅವಳಿಗೆ ಮೊದಲು ಕಲಿಸಿದ್ದು ಚಕ್ರ ತಿರುಗಿಸುವುದನ್ನಲ್ಲ, ವರದಿ ತುಂಬುವುದನ್ನು. ಅವಳಿಗೆ ಅದರಲ್ಲಿ ಒಂದು ಬಗೆಯ ಹೆಮ್ಮೆಯೂ ಇತ್ತು. ಪ್ರತಿ ಸಂಜೆ ನಿಲ್ ಎಂದು ಬರೆದು ಸಹಿ ಹಾಕುವಾಗ, ಇವತ್ತೂ ಯಾರ ಮನೆಯೂ ಕೂರಲಿಲ್ಲ ಎಂದು ಅಪ್ಪನಿಗೆ ಹೇಳಿದ ಹಾಗಾಗುತ್ತಿತ್ತು.

ಆ ವರ್ಷ ಸರ್ಕಾರ ತಕ್ಕಡಿಯನ್ನು ತಂದಿತು.

ಅದರ ಅಧಿಕೃತ ಹೆಸರು ಸಂಸ್ಥಾ ಪುನರ್ವಿಮರ್ಶಾ ವ್ಯವಸ್ಥೆ. ನೆಲ-ಜಲ ಇಲಾಖೆಯ ಅಡಿಯಲ್ಲಿ ನಾನೂರ ಹದಿನೇಳು ಮಂಡಳಿ, ನಿಗಮ, ಪ್ರಾಧಿಕಾರ, ಕೇಂದ್ರಗಳಿದ್ದವು. ಅವುಗಳಲ್ಲಿ ಯಾವುದಕ್ಕೆ ಅನುದಾನ ಕೊಡಬೇಕು, ಯಾವುದನ್ನು ಯಾವುದರೊಳಗೆ ವಿಲೀನ ಮಾಡಬೇಕು, ಯಾವುದನ್ನು ವಿಸರ್ಜಿಸಬೇಕು ಎಂದು ಹೇಳುವ ಯಂತ್ರಬುದ್ಧಿ. ಒಂದೊಂದು ಸಂಸ್ಥೆ ಹುಟ್ಟಿದಂದಿನಿಂದ ಕಳಿಸಿದ ಪ್ರತಿ ಕಾಗದವನ್ನೂ ಅದು ಓದುತ್ತಿತ್ತು. ನಿಲ್ ವರದಿಯನ್ನು ಓದುವ ಪ್ರಾಣಿ ಕೊನೆಗೂ ಹುಟ್ಟಿತ್ತು. ಮೊದಮೊದಲು ಜನ ಚಪ್ಪಾಳೆ ತಟ್ಟಿದರು. ತಪ್ಪೇನಿಲ್ಲ, ಎತ್ತಿನಗಾಡಿಯೇ ಇಲ್ಲದ ಕಾಲದಲ್ಲಿ ಗಾಡಿಚಕ್ರ ಗುಣಮಟ್ಟ ಮಂಡಳಿಗೆ ಒಬ್ಬ ಅಧ್ಯಕ್ಷ, ಅವರಿಗೊಂದು ಕಾರು, ಕಾರಿಗಿಬ್ಬರು ಚಾಲಕರು ಇದ್ದರು. ತಕ್ಕಡಿ ಮೊದಲ ವಾರವೇ ಅದನ್ನು ಗುಡಿಸಿ ಹಾಕಿತು. ಜೀವರತ್ನಳೂ ಆ ಸುದ್ದಿ ಓದಿ ನಕ್ಕಿದ್ದಳು.

ಜನವರಿಯಲ್ಲಿ ಕಿವಿ ಆಫೀಸಿಗೆ ಕಾಗದ ಬಂತು. ನಿರ್ದೇಶಕ ಮುನಿವೆಂಕಟಪ್ಪ ನಿವೃತ್ತಿಗೆ ಆರು ತಿಂಗಳಿದ್ದ ಮನುಷ್ಯ. ಕಾಗದವನ್ನು ಎರಡು ಸಲ ಓದಿ ಜೀವರತ್ನಳ ಮುಂದೆ ತಳ್ಳಿದರು. ಕೇಂದ್ರವು ಮೂವತ್ತೊಂದು ವರ್ಷಗಳಲ್ಲಿ ಸಲ್ಲಿಸಿದ ಹನ್ನೊಂದು ಸಾವಿರದ ಮುನ್ನೂರು ವರದಿಗಳಲ್ಲಿ, ಮೊದಲ ತಿಂಗಳನ್ನು ಬಿಟ್ಟರೆ, ಯಾವುದೇ ಘಟನೆ ವರದಿಯಾಗಿಲ್ಲ. ಶಿಫಾರಸು: ವಿಸರ್ಜನೆ. ಆಕ್ಷೇಪಣೆಗೆ ಹದಿನೈದು ದಿನ.

"ನಮ್ ಗುಂಡಿ ನಾವೇ ತೋಡ್ಕೊಂಡ್ವಲ್ಲಮ್ಮಾ ಜೀವಾ," ಎಂದರು ಮುನಿವೆಂಕಟಪ್ಪ. "ಅದೂ ದಿನಾ ಸಹಿ ಹಾಕಿ ತೋಡಿದ್ದೀವಿ."

"ಈಗ್ಲಾದ್ರೂ ನಿಜ ಹೇಳೋಣ ಸಾರ್."

ಮುನಿವೆಂಕಟಪ್ಪ ಕಿಟಕಿಯಾಚೆ ನೋಡಿದರು. ಚಿನ್ನ ತೆಗೆದು ಸುರಿದ ಸಯನೈಡ್ ಗುಡ್ಡದ ಬೂದಿಬಣ್ಣದ ಮಣ್ಣು ಗಾಳಿಗೆ ಏಳುತ್ತಿತ್ತು. "ಇನ್ನೊಂದ್ ದಾರಿ ಐತೆ. ಒಂದಾರು ವಾರ ಚಕ್ರ ತಿರುಗಿಸೋದ್ ಬೇಡ. ಆಮೇಲೆ ಒಂದೇ ಸಲ ಬಿಟ್ರೆ ಎರಡು ಮೂರು ಗೋಡೆ ಬೀಳ್ತವೆ. ಪೇಪರ್‌ನಾಗೆ ಬರುತ್ತೆ. ಆಗ ನಮ್ ಬೆಲೆ ಗೊತ್ತಾಗುತ್ತೆ."

"ಯಾರ್ ಮನೆ ಗೋಡೆ ಸಾರ್?"

ಕೆಟ್ಟ ಮನುಷ್ಯನಲ್ಲ ಅವರು. ತಾವೇ ಎದ್ದು ಬೀರು ತೆಗೆದು, ಕಂದು ಪುಸ್ತಕಗಳ ಧೂಳು ಒರೆಸತೊಡಗಿದರು.

ಅವತ್ತು ಸಂಜೆ ಮನೆಯಲ್ಲಿ ಅತ್ತೆ ಸೌಂದರಮ್ಮ ಗೋಡೆಯ ಮೂಲೆಗೆ ಸಿಮೆಂಟು ಮೆತ್ತುತ್ತಿದ್ದರು. ವಾರಕ್ಕೆರಡು ಸಲದ ನಡುಕಕ್ಕೆ ಗಾರೆ ನಿಲ್ಲುತ್ತಿರಲಿಲ್ಲ. ಗಂಡ ಪ್ರಭುದಾಸ ಗಾರೆ ಕೆಲಸದ ಮೇಸ್ತ್ರಿ, ಆದರೂ ತನ್ನ ಮನೆಯ ಬಿರುಕಿಗೆ ಅವನ ಕೈ ಬರುತ್ತಿದ್ದದ್ದು ವರ್ಷಕ್ಕೊಮ್ಮೆ, ಕ್ರಿಸ್‌ಮಸ್ಸಿಗೆ.

"ನಿಮ್ ಆಫೀಸ್ ಮುಚ್ತಾರಂತೆ, ನಿಜಾನಾ?" ಎಂದರು ಸೌಂದರಮ್ಮ. ಊರಿನಲ್ಲಿ ಸುದ್ದಿಗೆ ಕಾಲಿರುವುದಿಲ್ಲ, ಚಕ್ರವೇ ಇರುತ್ತದೆ.

"ಬಿಡಲ್ಲ ಅತ್ತೆ. ನಾವು ಬೆಂಗ್ಳೂರಿಗೆ ಹೋಗ್ತಾ ಇದ್ದೀವಿ."

"ನಿಂಗೆ ಕೆಲಸ ಹೋಗ್ದಿದ್ರೆ ಸಾಕಮ್ಮ. ಉಳಿದಿದ್ದು ಕರ್ತರು ನೋಡ್ಕೊಳ್ತಾರೆ," ಎಂದು ಅವರು ಕರಣೆಯಿಂದ ಬಿರುಕನ್ನು ಸವರಿದರು.

ತಕ್ಕಡಿಯ ಕೋಣೆ ಬೆಂಗಳೂರಿನ ಸರ್ಕಾರಿ ಕಟ್ಟಡವೊಂದರ ಆರನೇ ಮಹಡಿಯಲ್ಲಿತ್ತು. ನಾಲ್ಕು ಗೋಡೆಯೂ ಗಾಜು, ನಡುವೆ ಒಂದು ದೊಡ್ಡ ಪರದೆ, ಅದರ ಮುಂದೆ ಉಪ ಕಾರ್ಯದರ್ಶಿ ಕಸ್ತೂರಿ ಬೆಣಕಲ್. ಕೊಪ್ಪಳದ ಕಡೆಯ ಹೆಣ್ಣುಮಗಳು, ಐವತ್ತರ ಆಸುಪಾಸು, ಕಣ್ಣ ಕೆಳಗೆ ನಿದ್ದೆಗೆಟ್ಟ ಕಪ್ಪು. ಇಬ್ಬರಿಗೂ ಚಹಾ ತರಿಸಿದರು. ಮೂವತ್ತೊಂದು ವರ್ಷದ ಕಂದು ಪುಸ್ತಕಗಳ ಹಾಳೆಗಳನ್ನು ಯಂತ್ರಕ್ಕೆ ತೋರಿಸಲು ಒಂದೂವರೆ ದಿನ ಬೇಕಾಯಿತು. ಓದಲು ತಕ್ಕಡಿಗೆ ಬೇಕಾದದ್ದು ಒಂಬತ್ತು ನಿಮಿಷ.

ಆ ಒಂಬತ್ತು ನಿಮಿಷದಲ್ಲಿ ಜೀವರತ್ನ ಕಸ್ತೂರಿಯವರಿಗೆ ಹೆನ್ರಿ ಲೈನಿನ ಕಥೆ ಹೇಳಿದಳು. ಪರದೆಯ ಮೇಲೆ ಸಾಲುಗಳು ಮೂಡಿದಾಗ ಅವರ ಮುಖ ಬಾಡಿತು.

"ಏನ್ ಹೇಳ್ತದಂದ್ರ," ಎಂದರು ಅವರು, ಓದುವುದೋ ಬೇಡವೋ ಎಂಬಂತೆ. "ನಿಮ್ಮ ಪುಸ್ತಕದಾಗ ಮೂರು ಸಾವಿರದ ನೂರಾ ನಲವತ್ತು ನಡುಕ ಅದಾವ. ಒಂದೊಂದು ನಡುಕದ ಹಿಂದೂ ನೀವು ಚಕ್ರ ತಿರುವಿದ್ದು ಅದ. ನೀವು ಚಕ್ರ ತಿರುವದ ದಿನ ಒಂದೂ ನಡುಕ ಇಲ್ಲ."

"ಹೌದು ಮೇಡಂ. ಅದೇ ನಮ್ಮ ಕೆಲಸ."

"ಅದಕ್ಕ ತಕ್ಕಡಿ ಹೇಳ್ತದ, ಬಂಗಾರಕುಪ್ಪದ ನಡುಕಕ್ಕ ಕಾರಣ ಗಣಿ ಶ್ರವಣ ಕೇಂದ್ರ ಅಂತ. ಕೇಂದ್ರ ಮುಚ್ಚಿದ್ರ ನಡುಕ ನಿಲ್ತಾವ ಅಂತ."

ಮುನಿವೆಂಕಟಪ್ಪ ಕುರ್ಚಿಯಿಂದ ಎದ್ದೇ ಬಿಟ್ಟರು. "ಕುಕ್ಕರ್ ಕೂಗೋದ್ರಿಂದ ಬಿಸಿಯಾಗುತ್ತೆ, ವಿಷಲ್ ಕಿತ್ತು ರಂಧ್ರ ಮುಚ್ಚಿಬಿಡಿ ಅಂದಂಗಾಯ್ತಲ್ಲ ಮೇಡಂ ಇದು! ನಿಲ್ಲುತ್ತೆ, ನಡುಕ ನಿಲ್ಲುತ್ತೆ! ಒಂದೂವರೆ ವರ್ಷ ನಿಲ್ಲುತ್ತೆ. ಆಮೇಲೆ?"

"ಆಮ್ಯಾಲ ಏನಾಗ್ತದ ಅನ್ನೋದಕ್ಕ ಪುರಾವೆ?"

"ಹೆನ್ರಿ ಲೈನ್," ಎಂದಳು ಜೀವರತ್ನ.

"ಅದು ಒಂದೇ ಸಲ ಆಗೇದ ನೋಡ್ರಿ. ಒಂದು ಸಲ ಆದದ್ದನ್ನ ತಕ್ಕಡಿ ಕಾರಣ ಅಂತ ಒಪ್ಪಂಗಿಲ್ಲ, ಆಕಸ್ಮಿಕ ಅಂತದ." ಕಸ್ತೂರಿ ಪರದೆ ನೋಡುವುದನ್ನು ಬಿಟ್ಟು ಅವಳನ್ನು ನೋಡಿದರು. "ನೀವು ಹೇಳೂದು ನನಗ ತಿಳೀತದವ್ವಾ. ಆದ್ರ ನನ್ನ ತಿಳಿವಳಿಕೆಗೆ ಇಲ್ಲೆ ಕಾಲಮ್ಮಿಲ್ಲ. ಒಂದು ಮಾಡಬಹುದು. ತೊಂಬತ್ತು ದಿನದ ಪ್ರಯೋಗ ಕೇಳ್ತೀನಿ. ಚಕ್ರಕ್ಕ ಮೊಹರು ಹಾಕೂದು, ಕಿವಿ ಮಾತ್ರ ಚಾಲೂ ಇಡೂದು. ಆ ತೊಂಬತ್ತು ದಿನದಾಗ ತಾನಾಗೇ ನಡುಕ ಬಂತಂದ್ರ ನೀವು ಗೆದ್ರಿ."

"ತೊಂಬತ್ತು ದಿನಕ್ಕೆ ಬರಲ್ಲ ಮೇಡಂ. ನಾವು ಲೆಕ್ಕ ಹಾಕಿದ್ದೀವಿ. ಹದಿನೆಂಟು ತಿಂಗಳು ಬೇಕು. ಬಂದಾಗ ಒಂದೇ ಸಲ ಬರುತ್ತೆ."

"ತಕ್ಕಡಿ ನೋಡೂದು ಮೂರು ತಿಂಗಳಷ್ಟ. ಅದರ ಮುಂದಿಂದು ಮುಂದಿನ ಆರ್ಥಿಕ ವರ್ಷ."

ಬಂಡೆಗೆ ಆರ್ಥಿಕ ವರ್ಷ ಗೊತ್ತಿಲ್ಲ ಎಂದು ಹೇಳಬೇಕೆಂದು ಅವಳ ನಾಲಿಗೆಯ ತುದಿಗೆ ಬಂದಿತ್ತು. ಹೇಳಿ ಏನು ಪ್ರಯೋಜನ ಎನಿಸಿತು. ಬೇರೆ ದಾರಿ ಇಲ್ಲದೆ ಇಬ್ಬರೂ ಪ್ರಯೋಗಕ್ಕೆ ಸಹಿ ಹಾಕಿದರು.

ಏಪ್ರಿಲ್ ಒಂದಕ್ಕೆ ಇಲಾಖೆಯ ಇಬ್ಬರು ಬಂದು ಕೆಂಪು ಚಕ್ರಕ್ಕೆ ತಂತಿ ಸುತ್ತಿ, ಅರಗಿನ ಮೊಹರು ಹಾಕಿ ಹೋದರು. ಮೊದಲ ಮಂಗಳವಾರ ಹನ್ನೊಂದು ಗಂಟೆಗೆ ಊರಿನ ಹೆಂಗಸರು ಅಭ್ಯಾಸಬಲದಿಂದ ಹಲಗೆಯ ಮೇಲೆ ಕೈಯಿಟ್ಟು ನಿಂತರು. ಏನೂ ಅಲುಗಲಿಲ್ಲ. ಶುಕ್ರವಾರವೂ ಇಲ್ಲ. ಮೂರನೇ ವಾರದ ಹೊತ್ತಿಗೆ, ನಡುಕಕ್ಕೆ ಕಿವಿ ಆಫೀಸೇ ಕಾರಣವೆಂಬ ತಕ್ಕಡಿಯ ತೀರ್ಮಾನವೂ ಪತ್ರಿಕೆಯಲ್ಲಿ ಬಂತು.

ಅದನ್ನು ಓದಿದ ದಿನ ಪಕ್ಕದ ಮನೆಯ ಆರೋಗ್ಯಮೇರಿ ನಲ್ಲಿಯ ಹತ್ತಿರ ಅವಳನ್ನು ತಡೆದಳು. ಇಬ್ಬರೂ ಒಂದೇ ಬೆಂಚಿನಲ್ಲಿ ಕೂತು ಓದಿದವರು. "ಇಷ್ಟ್ ವರ್ಷ ನೀವೇ ಅಲುಗಿಸ್ತಾ ಇದ್ರಂತಲ್ಲೇ? ನಮ್ ಯಜಮಾನ್ರು ಮೂರ್ ಸಲ ಗೋಡೆ ಕಟ್ಟಿಸಿದ್ರು. ಒಂದ್ ದಿನನಾದ್ರೂ ಬಾಯಿ ಬಿಟ್ಯಾ?"

"ಮೇರಿ, ಅದು ಊರು ಉಳೀಲಿ ಅಂತ."

"ಉಳಿದ್ವಲ್ಲ. ಈಗ ನೀವು ನಿಲ್ಸಿದ್ಮೇಲೆ ನೆಮ್ಮದಿಯಾಗಿ ಉಳ್ಕೊಂಡಿದ್ದೀವಿ." ಬಿಂದಿಗೆ ಎತ್ತಿಕೊಂಡು ಹೋದವಳು ಮತ್ತೆ ಅವಳೊಂದಿಗೆ ಮಾತಾಡಲಿಲ್ಲ.

ಜೀವರತ್ನಳಿಗೆ ಅವತ್ತು ಊಟ ಸೇರಲಿಲ್ಲ. ಬೈಗುಳಕ್ಕಲ್ಲ; ಆರೋಗ್ಯಮೇರಿಯ ಮಾತಿನಲ್ಲಿ ನಿಜವಿತ್ತು. ಊರಿಗೆ ಅವರು ಏನನ್ನೂ ಹೇಳಿರಲಿಲ್ಲ. ಇಲಾಖೆಗೆ ನಿಲ್ ಎಂದ ಹಾಗೆ ಊರಿಗೂ ನಿಲ್ ಎಂದಿದ್ದರು. ಹೇಳಿದರೆ ಜನ ಹೆದರುತ್ತಾರೆ, ಹೆದರಿದರೆ ಅರ್ಜಿ ಬರುತ್ತದೆ, ಅರ್ಜಿ ಬಂದರೆ ಮೆಮೊ ಬರುತ್ತದೆ.

ಇತ್ತ ಪ್ರಭುದಾಸನಿಗೆ ಉಸಿರಾಡಲು ಬಿಡುವಿಲ್ಲದಷ್ಟು ಕೆಲಸ. ನಡುಕ ನಿಂತ ಊರಿನಲ್ಲಿ ಎಲ್ಲರಿಗೂ ಮೇಲೊಂದು ಅಂತಸ್ತು ಬೇಕಾಗಿತ್ತು. ಹೆನ್ರಿ ಲೈನಿನ ಬಯಲಿನಲ್ಲಿ, ಮೂವತ್ತೆರಡು ವರ್ಷ ಯಾರೂ ಗೂಟ ಹೊಡೆಯದ ಜಾಗದಲ್ಲಿ, ಪಾಯ ತೋಡುವ ಸದ್ದು ಕೇಳಿಸತೊಡಗಿತು. ಒಂದು ದಿನ ಅವಳು ಆಫೀಸಿನಿಂದ ಬರುವಷ್ಟರಲ್ಲಿ ಸೌಂದರಮ್ಮ ಪಾತ್ರೆ ಹಲಗೆಯ ಅಡ್ಡಗೋಲನ್ನು ಕಿತ್ತು, ಹಿತ್ತಲಲ್ಲಿ ಟೊಮೆಟೊ ಗಿಡಕ್ಕೆ ಆಧಾರ ಕೊಟ್ಟಿದ್ದರು.

"ಲೋಟ ತಗೊಳ್ಳೋವಾಗ ಕೈಗೆ ಅಡ್ಡ ಬರ್ತಿತ್ತಮ್ಮ," ಎಂದರು. ಅವರ ದನಿಯಲ್ಲಿ ಹಬ್ಬದ ಖುಷಿಯಿತ್ತು.

ಕಿವಿಗಳು ಮಾತ್ರ ಚಾಲೂ ಇದ್ದವು. ಆಫೀಸಿನ ಪರದೆಯ ಮೇಲೆ ಜೀವರತ್ನ ಬಂಡೆಯ ಗುಸುಗುಸು ದಿನದಿನಕ್ಕೆ ಕಡಿಮೆಯಾಗುವುದನ್ನು ನೋಡುತ್ತ ಕೂತಳು. ಹೊರಗಿನವರಿಗೆ ಅದು ಶಾಂತಿ. ಆದರೆ ಗಣಿಯೊಳಗೆ ದುಡಿದ ಅವಳ ಅಜ್ಜ ಹೇಳುತ್ತಿದ್ದರಂತೆ, ಮಾತಾಡುವ ಬಂಡೆಯ ಕೆಳಗೆ ಬುತ್ತಿ ಬಿಚ್ಚಿ ಉಣ್ಣಬಹುದು, ಮಾತು ನಿಲ್ಲಿಸಿದ ಬಂಡೆಯ ಕೆಳಗೆ ಚಪ್ಪಲಿ ಹಾಕಿಕೊಳ್ಳಲೂ ನಿಲ್ಲಬಾರದು ಎಂದು. ಆರು ವಾರ ಕಳೆಯುವಷ್ಟರಲ್ಲಿ ಪಶ್ಚಿಮದ ಮೂರು ಕಿವಿಗಳು ಪೂರಾ ನಿಶ್ಶಬ್ದವಾದವು. ಆ ಮೂರು ಕಿವಿಗಳ ಮೇಲೆ ನಿಂತಿದ್ದದ್ದು ಸರ್ಕಾರಿ ಹೆರಿಗೆ ಆಸ್ಪತ್ರೆ. ಇಡೀ ಊರಿನ ಭಾರ ಕೂಡಲು ಹದಿನೆಂಟು ತಿಂಗಳಾದರೂ ಆ ಮೂಲೆಯ ಬಂಡೆ ಮೊದಲಿನಿಂದಲೂ ದುರ್ಬಲ.

"ಸಾರ್, ಒಂದ್ ಸಲ ಬಿಡ್ಲೇಬೇಕು," ಎಂದಳು.

ಮುನಿವೆಂಕಟಪ್ಪ ಪರದೆಯನ್ನು ನೋಡಿದರು. ಅವರಿಗೂ ಕಾಣುತ್ತಿತ್ತು. "ಬಿಟ್ರೆ ಮುಗೀತಮ್ಮ. ನೀನ್ ಚಕ್ರ ತಿರುಗಿಸ್ತೀಯ, ನಲವತ್ತು ನಿಮಿಷಕ್ಕೆ ಊರು ಅಲುಗುತ್ತೆ. ತಕ್ಕಡಿ ಏನ್ ಹೇಳಿತ್ತೋ ಅದನ್ನ ನಾವೇ ರುಜುವಾತು ಮಾಡ್ಕೊಟ್ಟಂಗೆ."

"ಬಿಡದಿದ್ರೆ?"

"ಬಿಡದಿದ್ರೂ ಅದೇ ಗೆಲ್ಲೋದು." ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ನಾನು ಬೇಡ ಅಂತ ಹೇಳಲ್ಲ. ಬಿಡು ಅಂತಾನೂ ಬಾಯಿಬಿಟ್ಟು ಹೇಳಲಾರೆ."

ನಲವತ್ತೇಳನೇ ದಿನ. ಹತ್ತು ಇಪ್ಪತ್ತಕ್ಕೆ ಜೀವರತ್ನ ಮೊಹರು ಒಡೆದಳು. ಅರಗಿನ ಚೂರುಗಳು ಕಾಲ ಮೇಲೆ ಬಿದ್ದವು. ಚಕ್ರ ತುಕ್ಕು ಹಿಡಿಯಲು ಶುರುವಾಗಿತ್ತು. ಎರಡೂ ಕೈಯಿಂದ ಜಗ್ಗಿದಳು. ಬಂಡೆಯ ಮೇಲೆ ಒಂದೂವರೆ ತಿಂಗಳ ಭಾರ ಕೂಡಿದ್ದರಿಂದ ಮೂರೂವರೆ ಸುತ್ತಿನ ಬದಲು ಒಂದೂಕಾಲು ಸುತ್ತು ಮಾತ್ರ, ಮೆಲ್ಲಗೆ, ಹೆದರಿ ಹೆದರಿ. ಹನ್ನೊಂದಕ್ಕೆ ಊರು ಅಲುಗಿತು. ಯಾರಿಗೂ ಪೆಟ್ಟಾಗಲಿಲ್ಲ. ಆಸ್ಪತ್ರೆಯ ಒಂದು ಕಿಟಕಿಯ ಗಾಜು ಬಿರಿಯಿತು, ಮತ್ತು ಅಡ್ಡಗೋಲು ತೆಗೆದ ಮನೆಗಳಲ್ಲಿ ಪಾತ್ರೆಗಳು ಬಿದ್ದವು. ಪಶ್ಚಿಮದ ಮೂರು ಕಿವಿಗಳು ಮತ್ತೆ ಗುಸುಗುಸು ಆರಂಭಿಸಿದಾಗ ಅವಳು ಪರದೆಯ ಮುಂದೆ ಕೂತು ಅತ್ತಳು.

ಸಂಜೆಯೊಳಗೆ ಕಸ್ತೂರಿ ಬೆಣಕಲ್ ಫೋನು ಮಾಡಿದರು. ದನಿಯಲ್ಲಿ ಸಿಟ್ಟಿರಲಿಲ್ಲ, ಅದು ಇನ್ನೂ ಕಷ್ಟ. "ಯಾಕ ಮಾಡಿದ್ರಿ? ನಲವತ್ತಾರು ದಿನ ಶೂನ್ಯ. ಚಕ್ರ ತಿರುವಿದ್ದು ಒಂದು ಸಲ, ನಡುಕ ಒಂದು ಸಲ. ತಕ್ಕಡಿ ಇದಕ್ಕಿಂತ ಚೊಕ್ಕ ಪುರಾವೆ ನೋಡೇ ಇಲ್ಲಂತ. ಪ್ರಯೋಗ ಇವತ್ತಿಗೇ ಮುಗೀತು."

"ಆಸ್ಪತ್ರೆಯಲ್ಲಿ ಹನ್ನೆರಡು ಬಾಣಂತಿಯರಿದ್ರು ಮೇಡಂ," ಎಂದಳು ಜೀವರತ್ನ.

ಆ ಕಡೆ ಫೋನು ಕಟ್ಟಾಯಿತು.

ಗಣಿ ಶ್ರವಣ ಕೇಂದ್ರ ವಿಸರ್ಜನೆಯಾಯಿತು. ಹದಿನಾಲ್ಕು ಕಿವಿಗಳ ತಂತಿ ಕತ್ತರಿಸಿದರು. ಮೇಲೆತ್ತುವ ಖರ್ಚು ಹೆಚ್ಚೆಂದು ಕಿವಿಗಳನ್ನು ಒಳಗೇ ಬಿಟ್ಟರು. ಸಿಬ್ಬಂದಿಯನ್ನು ಮತ್ತು ಯಂತ್ರಗಳನ್ನು ಯಾವುದರಲ್ಲಿ ವಿಲೀನ ಮಾಡುವುದೆಂದು ತಕ್ಕಡಿ ಹುಡುಕಿತು. ನೀರು, ಪಂಪು, ಒತ್ತಡ ನಿಯಂತ್ರಣ, ಮೂರೂ ಇದ್ದ ಇನ್ನೊಂದು ಸಂಸ್ಥೆ ಇಲಾಖೆಯಲ್ಲಿ ಒಂದೇ ಒಂದಿತ್ತು: ಸಾರ್ವಜನಿಕ ಉದ್ಯಾನ ಮತ್ತು ಕಾರಂಜಿ ನಿಗಮ. ಮೊಹರು ಒಡೆದದ್ದಕ್ಕೆ ಜೀವರತ್ನಳ ಮೇಲೆ ವಿಚಾರಣೆ ನಡೆಯಬೇಕಿತ್ತು, ಆದರೆ ವಿಚಾರಣೆ ನಡೆಸುವ ವಿಭಾಗವೂ ಅದೇ ವಾರ ವಿಸರ್ಜನೆಯಾದ್ದರಿಂದ ಅವಳು ಬಚಾವಾದಳು. ಆಲಿವರ್ ಶಾಫ್ಟಿನ ಪಂಪು ಮತ್ತು ಕೆಂಪು ಚಕ್ರವನ್ನು ಕಿತ್ತು ಲಾರಿಗೆ ಹೇರಿದರು. ಶಾಫ್ಟಿನ ಬಾಯಿಗೆ ಕಾಂಕ್ರೀಟು ಹಾಕಿದ್ದು ಪ್ರಭುದಾಸನ ತಂಡವೇ.

ಮುನಿವೆಂಕಟಪ್ಪ ನಿವೃತ್ತರಾಗಿ ಮುಳಬಾಗಿಲಿನ ಕಡೆಯ ಮಗಳ ಮನೆಗೆ ಹೊರಟರು. ಹೊರಡುವ ದಿನ ಅವಳಿಗೆ ಒಂದು ಕಂದು ಪುಸ್ತಕ ಕೊಟ್ಟರು, ಖಾಲಿಯದು. "ನೀನೂ ಹೊರಡಮ್ಮ," ಎಂದರು. "ಮುಂದಿನ ವರ್ಷದ ದೀಪಾವಳಿ ಒಳಗೆ."

ಅವಳು ಗಂಡನಿಗೆ ಹೇಳಿ ನೋಡಿದಳು. ಒಂದು ಸಲವಲ್ಲ, ಹತ್ತು ಸಲ. ಲೆಕ್ಕ ಬರೆದು ತೋರಿಸಿದಳು. ಪ್ರಭುದಾಸ ತಾಳ್ಮೆಯ ಮನುಷ್ಯ, ಎಲ್ಲವನ್ನೂ ಕೇಳಿದ.

"ನೀನ್ ಹೇಳೋದು ಸುಳ್ಳು ಅನ್ನಲ್ಲ ಜೀವಾ. ಆದ್ರೆ ನಾಲ್ಕು ಸಾವಿರ ಮನೆ ಐತೆ ಈ ಊರಲ್ಲಿ. ಎಲ್ರೂ ಇಲ್ಲೇ ಅವ್ರೆ. ಅವ್ರ ಮೇಲಂತಸ್ತು ಕಟ್ತಾ ಇರೋನು ನಾನು. ನಾನೇ ಊರು ಬಿಟ್ರೆ ಏನಂತಾರೆ?" ಎಂದು ಕೇಳಿದ. "ಅಷ್ಟಕ್ಕೂ ಅಮ್ಮ ಬರಲ್ಲ."

"ನಮ್ಮಪ್ಪನ ಮಣ್ಣಾಗಿರೋದು ಇಲ್ಲೇ, ಗಂಡನ್ದೂ ಇಲ್ಲೇ," ಎಂದರು ಸೌಂದರಮ್ಮ ಒಳಗಿನಿಂದ. "ನಡುಗ್ತಾ ಇದ್ದಾಗ್ಲೇ ಬಿಡ್ಲಿಲ್ಲ. ಈಗ ಭೂಮಿ ಮಲಗಿರೋವಾಗ ಬಿಡ್ತೀನಾ?"

ಅವರನ್ನು ಬಿಟ್ಟು ತಾನೊಬ್ಬಳೇ ಹೋಗುವ ಯೋಚನೆ ಅವಳಿಗೆ ಬರಲಿಲ್ಲವೆಂದಲ್ಲ. ಒಂದು ಬೆಳಿಗ್ಗೆ ಬಸ್ ನಿಲ್ದಾಣದವರೆಗೆ ಹೋಗಿದ್ದಳು. ಶಾಲೆಯಿಂದ ಮರಳಿದ ಹದಿನಾಲ್ಕು ವರ್ಷದ ತನ್ನ ನೆನಪಾಯಿತು. ಉಳಿದುಕೊಂಡವಳಾಗಿ ಇನ್ನೊಂದು ಸಲ ಬದುಕುವ ಶಕ್ತಿ ಅವಳಲ್ಲಿರಲಿಲ್ಲ. ತರಕಾರಿ ಕೊಂಡು ಮನೆಗೆ ಬಂದಳು. ಇಲಾಖೆಗೆ ಆರು ಪತ್ರ ಬರೆದಳು. ಆರಕ್ಕೂ ಒಂದೇ ಉತ್ತರ ಬಂತು: ಸದರಿ ವಿಷಯಕ್ಕೆ ಸಂಬಂಧಪಟ್ಟ ಸಂಸ್ಥೆ ಅಸ್ತಿತ್ವದಲ್ಲಿಲ್ಲ.

ಬಂಗಾರಕುಪ್ಪದ ಸಂಗೀತ ಕಾರಂಜಿ ಮುಂದಿನ ಮಾರ್ಚ್‌ನಲ್ಲಿ ಉದ್ಘಾಟನೆಯಾಯಿತು. ಮಂಗಳವಾರ, ಹನ್ನೊಂದು ಗಂಟೆಗೆ. ಮುಹೂರ್ತ ಇಟ್ಟವರಿಗೆ ಹಳೆಯದೇನೂ ನೆನಪಿರಲಿಲ್ಲ. ಹೆನ್ರಿ ಲೈನಿನ ಬಯಲಿಗೆ ಈಗ ಉದ್ಯಾನವೆಂದು ಹೆಸರು. ಅದರ ಮೂರು ಕಡೆ ಹೊಸ ಮನೆಗಳು. ಊರಿಗೆ ಊರೇ ಸೇರಿತ್ತು. ಮುಂದಿನ ಸಾಲಿನಲ್ಲಿ ಸೌಂದರಮ್ಮ ಹೊಸ ಸೀರೆ ಉಟ್ಟು ಕೂತಿದ್ದರು, ಎರಡು ಕುರ್ಚಿ ಆಚೆ ಆರೋಗ್ಯಮೇರಿ ಮೊಮ್ಮಗುವನ್ನು ತೊಡೆಯ ಮೇಲಿಟ್ಟುಕೊಂಡಿದ್ದಳು.

ಇಲಾಖೆಯ ಪರವಾಗಿ ಬಂದಿದ್ದ ಕಸ್ತೂರಿ ಬೆಣಕಲ್ ಭಾಷಣ ಮುಗಿಸಿ, ಜೀವರತ್ನ ಈಗ ಕೆಲಸ ಮಾಡುತ್ತಿದ್ದ ಪಂಪಿನ ಕೋಣೆಯನ್ನು ಹುಡುಕಿಕೊಂಡು ಬಂದರು. ಇನ್ನಷ್ಟು ಸೊರಗಿದ್ದರು.

"ನಿಮ್ಮ ಆರೂ ಪತ್ರ ಓದೀನಿ," ಎಂದರು. "ಎರಡು ಸಲ ಕಡತ ಮ್ಯಾಲ ಕಳಿಸಿದೆ. ಎರಡು ಸಲಾನೂ ಹೊಳ್ಳಿ ಬಂತು. ಮೂರನೇ ಸಲ ಕಳಿಸಾಕ ಆಗಂಗಿಲ್ಲ. ಒಂದನೇ ತಾರೀಖಿಗೆ ನಮ್ಮ ವಿಭಾಗಾನೂ ವಿಲೀನ ಅದ."

"ಯಾವುದರ ಜೊತೆ ಮೇಡಂ?"

"ಹೇಳಿಲ್ಲ ಇನ್ನಾ." ಆಲಿವರ್ ಶಾಫ್ಟಿನಿಂದ ತಂದು ಕಾರಂಜಿಗೆ ಕೂಡಿಸಿದ್ದ ಕೆಂಪು ಚಕ್ರದ ಮೇಲೆ ಕಸ್ತೂರಿ ಕೈಯಿಟ್ಟರು. "ಎಷ್ಟು ಉಳದದ?"

"ಏಳು ತಿಂಗಳು. ಮಳೆ ಜಾಸ್ತಿಯಾದ್ರೆ ಇನ್ನೂ ಬೇಗ. ಆಸ್ಪತ್ರೆ ಮೂಲೆ ಇಷ್ಟು ದಿನ ತಡೆದಿದ್ದೇ ಹೆಚ್ಚು."

ಹೊರಗಿನಿಂದ ಯಾರೋ "ಮೇಡಂ, ಗಣ್ಯರು ಕಾಯ್ತಿದ್ದಾರೆ" ಎಂದು ಕೂಗಿದರು. ಕಸ್ತೂರಿ ಜೀವರತ್ನಳ ಕೈಯನ್ನೊಮ್ಮೆ ಹಿಡಿದು ಬಿಟ್ಟು ಹೊರಟುಹೋದರು.

ಗಂಟೆ ಹನ್ನೊಂದು ಹೊಡೆಯಿತು. ಜೀವರತ್ನ ಚಕ್ರವನ್ನು ಮೂರೂವರೆ ಸುತ್ತು ತಿರುಗಿಸಿದಳು. ಕೈಗೆ ಆ ತೂಕ ಗೊತ್ತಿತ್ತು. ಹೊರಗೆ ಹಾಡು ಶುರುವಾಯಿತು, ನೀರು ಮೂವತ್ತು ಅಡಿ ಎತ್ತರಕ್ಕೆ ಚಿಮ್ಮಿತು, ಜನ ಹೋ ಎಂದು ಎದ್ದು ನಿಂತರು. ಮಕ್ಕಳು ಕುಣಿದರು. ಸಾವಿರಾರು ಕಾಲುಗಳ ಕೆಳಗೆ ನೆಲ ಅಲುಗಲಿಲ್ಲ.

ಕಾರ್ಯಕ್ರಮ ಮುಗಿದ ಮೇಲೆ ಸೌಂದರಮ್ಮ ಪಂಪಿನ ಕೋಣೆಗೆ ಬಂದರು, ಕೂದಲ ಮೇಲೆ ನೀರಿನ ಹನಿಗಳು. "ನೋಡಮ್ಮಾ, ಕೆಲಸ ಅಂದ್ರೆ ಇದು. ಮಾಡಿದ್ದು ನಾಲ್ಕು ಜನಕ್ಕೆ ಕಾಣುತ್ತೆ," ಎಂದು ಸೊಸೆಯ ಕೆನ್ನೆ ಸವರಿದರು. ಅವರ ಪ್ರೀತಿಯಲ್ಲಿ ಕಲ್ಮಷವಿರಲಿಲ್ಲ. ಜೀವರತ್ನ ಅವರನ್ನು ತಬ್ಬಿಕೊಂಡು, ಅವರಿಗೆ ಆಶ್ಚರ್ಯವಾಗುವಷ್ಟು ಹೊತ್ತು ಹಾಗೇ ನಿಂತಳು.

ಅವರು ಹೋದ ಮೇಲೆ ದಿನವರದಿ ತುಂಬಲು ಕೂತಳು. ಸಂಸ್ಥೆ ಬದಲಾದರೂ ಇಲಾಖೆಯ ನಮೂನೆ ಬದಲಾಗಿರಲಿಲ್ಲ. ದಿನಾಂಕ ಬರೆದಳು, ಪಂಪು ಚಾಲನೆಯ ವೇಳೆ ಬರೆದಳು. ಘಟನೆ ಎಂಬ ಕಾಲಮ್ಮಿನಲ್ಲಿ ಪೆನ್ನು ನಿಂತಿತು. ಇಪ್ಪತ್ತೆರಡು ವರ್ಷ ಆ ಜಾಗದಲ್ಲಿ ಅವಳು ಸುಳ್ಳು ಬರೆದಿದ್ದಳು, ಊರು ಉಳಿದಿತ್ತು. ಇವತ್ತು ನೆಲ ಅಲುಗಿರಲಿಲ್ಲ, ಬರೆಯಬೇಕಾದದ್ದು ನಿಜ.

ನಿಲ್ ಎಂದು ಬರೆದು, ಕೆಳಗೆ ಸಹಿ ಹಾಕಿದಳು.